ಕಾಟನ್ ಏರ್ ಫಿಲ್ಟರ್ ತೊಳೆಯಲು ಆತುರ ಬೇಡ

ಧೂಳಿನ ರಸ್ತೆಯಲ್ಲಿ ಜಾಸ್ತಿ ಓಡಾಡುವವರು ಗಾಡಿಯ ಏರ್ ಫಿಲ್ಟರ್ (ಇಂಜಿನ್‌ಗೆ ಹೋಗುವ ಗಾಳಿ ಸೋಸುವ ಭಾಗ) ಬಾಕ್ಸ್ ಒಮ್ಮೆ ತೆಗೆದು ನೋಡಿ. ಮಾಮೂಲಿ ಕಾಗದದ ಫಿಲ್ಟರ್‌ಗೆ ನೀರು ತಾಗಿಸಬೇಡಿ, ಅದನ್ನು ಬದಲಾಯಿಸಲೇಬೇಕು. ನಾನು ಹೇಳುತ್ತಿರುವುದು ಕೆ ಅಂಡ್ ಎನ್ ಕಂಪನಿಯದ್ದರ ತರಹದ, ಎಣ್ಣೆ ಹಾಕುವ ಕಾಟನ್ ಫಿಲ್ಟರ್ ಬಗ್ಗೆ.

ಮೊದಲು ಮೆಲ್ಲಗೆ ತಟ್ಟಿ ಧೂಳು ಉದುರಿಸಿ. ಅದರದ್ದೇ ಕ್ಲೀನರ್ ಎರಡೂ ಬದಿಗೆ ಸಿಂಪಡಿಸಿ 10 ನಿಮಿಷ ಬಿಡಿ, ಆದರೆ ಒಣಗಬಾರದು. ಆಮೇಲೆ ನಲ್ಲಿ ಸಣ್ಣಗೆ ಬಿಟ್ಟು, ಇಂಜಿನ್ ಕಡೆಯ ಬದಿಯಿಂದ ಹೊರಕ್ಕೆ ನೀರು ಹರಿಸಿ. ಉಲ್ಟಾ ಮಾಡಿದರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ, ಅಲ್ವಾ? ಪೆಟ್ರೋಲ್, ಪ್ರೆಶರ್ ವಾಷರ್ ಬೇಡವೇ ಬೇಡ.

ಒಣಗಿಸಲು ಕಂಪ್ರೆಸರ್ ಗಾಳಿ ಹೊಡೆದರೆ ಹತ್ತಿಬಟ್ಟೆ ಹರಿಯಬಹುದು. ನೆರಳಲ್ಲಿ ರಾತ್ರಿಯಿಡೀ ಸುಮ್ನೆ ಇಟ್ಟುಬಿಡಿ.

ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆಯನ್ನು ಪ್ರತಿ ಮಡಿಕೆಗೂ ತೆಳುವಾಗಿ ಹಾಕಿ. 20 ನಿಮಿಷ ಬಿಟ್ಟು, ಎಣ್ಣೆ ಹತ್ತದೆ ಬಿಳಿ ಉಳಿದ ಕಡೆ ಮಾತ್ರ ಮತ್ತೆ ಸ್ವಲ್ಪ. ಇಲ್ಲಿ ದಯವಿಟ್ಟು ಕೈ ಹಿಡಿತದಲ್ಲಿರಲಿ. ಎಣ್ಣೆ ಜಾಸ್ತಿಯಾದರೆ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಮೇಲೆ ಕೂತು ಇಂಜಿನ್ ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಓಟ) ಏರುಪೇರಾಗಬಹುದು. ಎಣ್ಣೆಯೇ ಹಾಕದಿದ್ದರೆ ಸಣ್ಣ ಧೂಳು ನಿಲ್ಲುವುದಿಲ್ಲ.

ವಾಪಸ್ ಕೂರಿಸುವ ಮೊದಲು ಬಾಕ್ಸ್ ಒಳಗನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಸುತ್ತಲಿನ ರಬ್ಬರ್ ಅಂಚು ಎಲ್ಲೂ ಎದ್ದಿಲ್ಲವೇ ಎಂದು ಬೆರಳಾಡಿಸಿ ನೋಡಿ, ಆಮೇಲೆ ಕ್ಲಿಪ್ ಹಾಕಿ.