ಅರಬ್ಬಿ ಕವಿತೆಯನ್ನು ನಾನು ಶಾಟ್ ಶಾಟ್ ಆಗಿ ಓದಿದ್ದು

ಅರಬ್ಬಿ ಕವಿತೆಯನ್ನು ಕನ್ನಡಕ್ಕೆ ತರುವ ಮೊದಲು ನಾನು ಅದನ್ನು ಶಾಟ್‌ಗಳಾಗಿ ಒಡೆಯುತ್ತೇನೆ. ಸಾಕ್ಷ್ಯಚಿತ್ರಗಳ ಎಡಿಟಿಂಗ್ ನನ್ನ ಕೆಲಸ, ಹಾಗಾಗಿ ಇದೇ ರೂಢಿ. ಹಾಳೆಯ ಬಲಕ್ಕೆ ಅರಬ್ಬಿ ಸಾಲು, ಎಡಕ್ಕೆ ನನ್ನ ಟಿಪ್ಪಣಿ. ಕ್ಯಾಮೆರಾ ಎಲ್ಲಿದೆ? ಏನು ಕೇಳಿಸುತ್ತಿದೆ? ಕಟ್ ಎಲ್ಲಿ ಬಿತ್ತು?

ಈ ಅಭ್ಯಾಸ ಗಟ್ಟಿಯಾದದ್ದು ಈಜಿಪ್ಟಿನ ಕವಿ ಅಮಲ್ ದುನ್ಕುಲ್ ಅವರನ್ನು ಓದುವಾಗ. ಕ್ಯಾನ್ಸರ್ ಆಗಿ ಕೈರೋದ ಆಸ್ಪತ್ರೆಯಲ್ಲಿದ್ದಾಗ ಬರೆದ ಕವಿತೆಗಳು ‘ಎಂಟನೇ ಕೋಣೆಯ ಹಾಳೆಗಳು’ ಸಂಕಲನದಲ್ಲಿವೆ. 1983ರಲ್ಲಿ ಅವರು ತೀರಿಕೊಂಡರು. ಆ ಸಂಕಲನದ ಒಂದು ಕವಿತೆ ಆಪರೇಷನ್ ಕೋಣೆಯಲ್ಲಿ ಶುರುವಾಗುತ್ತದೆ. ಡಾಕ್ಟರ ಮುಖಗವಸು ಬಿಳಿ, ಕೋಟು ಬಿಳಿ. ಆಮೇಲೆ ನರ್ಸ್‌ಗಳ ಟೋಪಿ, ಹಾಸಿಗೆಯ ಬಟ್ಟೆ, ಬ್ಯಾಂಡೇಜು, ಹತ್ತಿ, ನಿದ್ದೆ ಮಾತ್ರೆ, ಡ್ರಿಪ್ ಪೈಪು, ಹಾಲಿನ ಲೋಟ. ಗುರುತು ಹಾಕುತ್ತಾ ಹೋದಂತೆ ಕಂಡಿತು: ಕ್ಯಾಮೆರಾ ಹತ್ತಿರ ಬರುತ್ತಿದೆ. ಮೊದಲು ಎದುರು ನಿಂತ ಮನುಷ್ಯರು, ಕೊನೆಗೆ ಕೈಗೆ ಸಿಗುವ ಲೋಟ. ಮಲಗಿದವನ ಕಣ್ಣಿನಿಂದಲೇ ನಾವು ನೋಡುತ್ತಿದ್ದೇವೆ. ಇಷ್ಟೆಲ್ಲ ಬಿಳಿ ಕವಿಗೆ ಕಫನ್, ಅಂದರೆ ಹೆಣಕ್ಕೆ ಸುತ್ತುವ ಬಟ್ಟೆ, ನೆನಪಿಸುತ್ತದೆ. ತಕ್ಷಣ ಕಟ್, ಪರದೆ ಪೂರ್ತಿ ಕಪ್ಪು: ಹಾಗಾದರೆ ನಾನು ಸತ್ತಾಗ ಬರುವವರು ಕಪ್ಪು ತೊಡುವುದೇಕೆ? ಕಪ್ಪು ಸಾವಿನಿಂದ ಪಾರು ಮಾಡುವ ಬಣ್ಣವಾ?

ಕನ್ನಡದಲ್ಲಿ ನಾನು ವಸ್ತುಗಳ ಕ್ರಮ ಬದಲಿಸಲಿಲ್ಲ. ಸಾಲಿಗೊಂದು ವಸ್ತು ಇಟ್ಟೆ, ‘ಮತ್ತು’ ಎಲ್ಲೂ ಹಾಕಲಿಲ್ಲ.

ಸಾಲು ಹೀಗೆ ಉದ್ದ, ಗಿಡ್ಡ ಆಗಲು ಸಾಧ್ಯವಾದದ್ದು ಛಂದಸ್ಸು ಸಡಿಲವಾದ ಮೇಲೆ. ಕಸೀದಾ ಎಂಬ ಹಳೆಯ ಅರಬ್ಬಿ ಕಾವ್ಯಪ್ರಕಾರದಲ್ಲಿ ಪ್ರತಿ ಸಾಲಿಗೂ ಎರಡು ಸಮ ಭಾಗ, ಕೊನೆಯಲ್ಲಿ ಒಂದೇ ಪ್ರಾಸ. 1947ರಲ್ಲಿ ಇರಾಕಿನ ಕವಯಿತ್ರಿ ನಾಝಿಕ್ ಅಲ್ ಮಲಾಯಿಕಾ ‘ಕಾಲರಾ’ ಕವಿತೆ ಬರೆದ ಹೊತ್ತಿಗೆ ಆ ಕಟ್ಟು ಬಿಚ್ಚಿಕೊಳ್ಳುತ್ತಿತ್ತು. ಹಾಗಂತ ಚಿತ್ರ ಕಂಡಲ್ಲೆಲ್ಲಾ ಸಿನಿಮಾ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಬಿಟ್ಟುಹೋದ ಬಿಡಾರ, ಒಂಟೆ, ಮಿಂಚು ಎಲ್ಲ ಇಸ್ಲಾಂ ಪೂರ್ವದ ಕವಿತೆಗಳಲ್ಲೂ ಎದ್ದು ಕಾಣುತ್ತವೆ. ಎರಡು ಚಿತ್ರಗಳ ನಡುವಿನ ಕಟ್‌ನಿಂದಲೇ ಅರ್ಥ ಹುಟ್ಟಬೇಕು, ಆಗ ಮಾತ್ರ ಆ ಹೆಸರು ಕೊಡುತ್ತೇನೆ.

ಇರಾಕಿನ ಇನ್ನೊಬ್ಬ ಕವಿ ಬದ್ರ್ ಶಾಕಿರ್ ಅಲ್ ಸಯ್ಯಾಬ್ ಅವರ ‘ಮಳೆಯ ಹಾಡು’ ನನಗೆ ಶಬ್ದದ ಪಾಠ. ಕೊಲ್ಲಿಯನ್ನು ಕೂಗಿ, ಮುತ್ತು, ಚಿಪ್ಪು, ಸಾವು ಕೊಡುವವನೇ ಎನ್ನುತ್ತಾರೆ. ಪ್ರತಿಧ್ವನಿ ಬಿಕ್ಕಿದ ಹಾಗೆ ಮರಳುತ್ತದೆ. ಅದರಲ್ಲಿ ಚಿಪ್ಪು ಇದೆ, ಸಾವು ಇದೆ, ಮುತ್ತು ಇಲ್ಲ! ಸೌಂಡ್ ಟ್ರ್ಯಾಕ್‌ನಿಂದ ಒಂದೇ ಪದ ತೆಗೆದು ಇಡೀ ದೇಶದ ಬಡತನ ಕೇಳಿಸಿದ್ದಾರೆ. ಗಟ್ಟಿಯಾಗಿ ಓದುವಾಗ ಪ್ರತಿಧ್ವನಿಗೆ ಬೇರೆಯದೇ ದನಿ ಇಟ್ಟೆವು.

ಪ್ಯಾಲೆಸ್ಟೀನಿನ ಕವಿ ಮಹಮೂದ್ ದರ್ವೀಶ್ ಅವರ 1995ರ ಸಂಕಲನದಲ್ಲಿ ಒಂದು ಕವಿತೆ ಬರೀ ಮಾತಿನಿಂದ ಶುರು. ಎಲ್ಲಿಗೆ ಕರೆದೊಯ್ಯುತ್ತಿದ್ದೀ ಅಪ್ಪಾ ಎಂಬ ಪ್ರಶ್ನೆ, ಗಾಳಿಯ ಕಡೆಗೆ ಮಗನೇ ಎಂಬ ಉತ್ತರ. ಬಯಲು ಬಿಟ್ಟು ಹೊರಡುತ್ತಿರುವ ಇಬ್ಬರು ಕಾಣುವುದು ಆಮೇಲೆ. ಎಡಿಟಿಂಗ್ ಟೇಬಲ್‌ನಲ್ಲಿ ಇದಕ್ಕೆ ಜೆ ಕಟ್ ಅಂತೀವಿ, ದನಿ ಮೊದಲು, ಚಿತ್ರ ಹಿಂದೆ. ಇಂಥ ಕಡೆ ‘ಎಂದು ಮಗ ಕೇಳಿದ’ ಎಂದು ಸೇರಿಸಲು ಕೈ ತವಕಿಸುತ್ತದೆ. ನಾನು ಸೇರಿಸಲಿಲ್ಲ. ಅನುವಾದ ಮಾಡುವವರು ದಯವಿಟ್ಟು ಆ ಎರಡು ಸಾಲುಗಳನ್ನು ಹಾಗೇ ಬಿಡಿ.