ದಯೆ ಬೇರೆ, ದಾಕ್ಷಿಣ್ಯ ಬೇರೆ: ಸುದ್ದಿಮನೆಯ ಅನುಭವ

ಕನ್ನಡ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕನಾಗಿದ್ದಾಗ ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸವಾಗಿತ್ತು. ಅವುಗಳಲ್ಲಿ ‘ರೂತ್‌ಲೆಸ್’ ಎಂಬ ವಿಶೇಷಣ ಸರ್ವಾಧಿಕಾರಿಗೂ ಅಂಟಿಕೊಂಡಿರುತ್ತಿತ್ತು, ಕಂಪನಿಯ ಮುಖ್ಯಸ್ಥನಿಗೂ, ಶತಕ ಬಾರಿಸಿದ ಬ್ಯಾಟ್ಸ್‌ಮನ್‌ಗೂ. ‘ರೂತ್’ ಎಂದರೆ ಮರುಕ. ಆ ಹಳೆಯ ನಾಮಪದ ಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿ, ಅದರ ಅಭಾವವನ್ನು ಸೂಚಿಸುವ ರೂಪವಷ್ಟೇ ಉಳಿದಿರುವುದರಿಂದಲೋ ಏನೋ, ಇಂಗ್ಲಿಷಿನಲ್ಲಿ ಅದೊಂದೇ ಪದ ನಿಂದೆಗೂ ಮೆಚ್ಚುಗೆಗೂ ಸಲ್ಲುತ್ತದೆ.

ಕನ್ನಡದಲ್ಲಿ ಹಾಗಾಗದು. ನೊಂದವರನ್ನು ಕಂಡು ಹುಟ್ಟುವುದು ದಯೆ. ಎದುರಿಗಿರುವವರ ಮುಖ ನೋಡಿ ಇಲ್ಲವೆನ್ನಲಾರದೆ ಹುಟ್ಟುವುದು ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸಿರಾದವಳ ಗಾದೆ ಗೇಲಿ ಮಾಡುವುದು ಈ ಎರಡನೆಯದನ್ನೇ. ಆದ್ದರಿಂದ ‘ನಿರ್ದಯಿ’ ಎಂದರೆ ಬೈಗುಳ, ‘ನಿರ್ದಾಕ್ಷಿಣ್ಯ’ ಎಂದರೆ ಹೆಚ್ಚಿನಂಶ ಶಹಭಾಸ್‌ಗಿರಿ. ಅರಬ್ಬಿ ಮೂಲದ ‘ಮುಲಾಜು’ ಕೂಡ ದಾಕ್ಷಿಣ್ಯದ ಪಕ್ಕದಲ್ಲೇ ಕೂರುವ ಪದ.

ಈ ಶಹಭಾಸ್‌ಗಿರಿಯನ್ನು ಕೊಡುತ್ತಿರುವವರು ಯಾರು ಎಂಬುದನ್ನು ನಾನು ಮೊದಲು ನೋಡುತ್ತಿದ್ದೆ. 2016ರಲ್ಲಿ ಬೆಂಗಳೂರಿನ ರಾಜಕಾಲುವೆ ಒತ್ತುವರಿ ತೆರವು ನಡೆದಾಗ ‘ನಿರ್ದಾಕ್ಷಿಣ್ಯ ಕ್ರಮ’, ‘ಮುಲಾಜಿಲ್ಲದೆ ತೆರವು’ ಎಂಬಂಥ ಮಾತುಗಳಿಗೆ ಬರವಿರಲಿಲ್ಲ. ದಾಕ್ಷಿಣ್ಯ ತೋರಬಾರದು ಎಂಬ ಮಾತಿನಲ್ಲಿಯೇ ಎದುರಿಗಿರುವವನು ಪ್ರಭಾವಿ ಎಂಬ ಊಹೆ ಅಡಗಿದೆ. ಸಾಲ ಮಾಡಿ ಕಟ್ಟಿದ ಮನೆಯ ಮುಂದೆ ಜೆಸಿಬಿ ಬಂದು ನಿಂತಾಗ, ಮಂಜೂರಾದ ನಕ್ಷೆಯನ್ನು ಹಿಡಿದು ನಿಂತವರ ವಿಷಯದಲ್ಲಿ ಆ ಊಹೆ ನಿಲ್ಲುವುದಿಲ್ಲ. ಹೀಗಾಗಿ ಆ ಪದವನ್ನು ಅಧಿಕಾರಿಯ ಹೇಳಿಕೆಯ ಉದ್ಧರಣ ಚಿಹ್ನೆಯೊಳಗೆ ಬಿಟ್ಟು, ವರದಿಯ ಸ್ವಂತ ವಾಕ್ಯದಲ್ಲಿ ‘ಮನೆಗಳನ್ನು ಕೆಡವಲಾಯಿತು’ ಎಂದಷ್ಟೇ ಬರೆಯುತ್ತಿದ್ದೆ.

‘ಕಟುಕತನ’ವನ್ನು ನಾನು ಬಳಸಿದವನಲ್ಲ, ಅದು ಮಾಂಸ ಮಾರಿ ಬದುಕುವವರ ಕಸುಬಿನ ಹೆಸರು. ಕ್ರೀಡಾಪುಟದಲ್ಲಿ ಬೌಲರ್‌ಗಳನ್ನು ‘ದಂಡಿಸಿದರು’ ಎಂದರೆ ಸಾಕಿತ್ತು.

ಹತ್ಯಾಕಾಂಡಗಳ ವಾರ್ಷಿಕ ಲೇಖನಗಳಲ್ಲಿ ಮಾತ್ರ ವಿಶೇಷಣವನ್ನೇ ತೆಗೆದುಬಿಡುತ್ತಿದ್ದೆ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡಯರ್‌ನ ಸೈನಿಕರು ಚದುರುವಂತೆ ಎಚ್ಚರಿಕೆಯನ್ನೂ ಕೊಡದೆ ಸುಮಾರು ಹತ್ತು ನಿಮಿಷ ಗುಂಡು ಹಾರಿಸಿದರು, 1,650 ಗುಂಡುಗಳು ಖರ್ಚಾದವು ಎಂದ ಮೇಲೆ ‘ನಿರ್ದಯವಾಗಿ’ ಎಂಬುದು ಅಲ್ಲಿ ಏನನ್ನೂ ಸೇರಿಸುವುದಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ ನಡೆದ ಗೋಲಿಬಾರಿಗೂ ಇದೇ ಕ್ರಮ. ಇಂಥ ಕಡೆ ‘ಬರ್ಬರ’, ‘ಅಮಾನುಷ’ಗಳನ್ನು ಸಾಲಾಗಿ ನಿಲ್ಲಿಸಿದರೆ ಓದುಗ ಘಟನೆಯನ್ನು ಬಿಟ್ಟು ಬರೆದವನ ಸಿಟ್ಟನ್ನು ನೋಡತೊಡಗುತ್ತಾನೆ.

ಕಂಪನಿಗಳ ಸುದ್ದಿ ಈಗಲೂ ತೊಡಕಿನದೇ. ನೌಕರರನ್ನು ತೆಗೆದುಹಾಕಿದ ಮುಖ್ಯಸ್ಥನಿಗೆ ‘ನಿರ್ದಾಕ್ಷಿಣ್ಯ’ ಎಂದರೆ ಷೇರುದಾರರ ಪರ, ‘ನಿರ್ದಯಿ’ ಎಂದರೆ ನೌಕರರ ಪರ ನಿಂತಂತಾಗುತ್ತದೆ. ಎರಡನ್ನೂ ಬಿಟ್ಟು ಕೆಲಸ ಕಳೆದುಕೊಂಡವರ ಸಂಖ್ಯೆಯನ್ನು ತಲೆಬರಹಕ್ಕೆ ಏರಿಸುವುದೇ ನಾನು ಕಂಡುಕೊಂಡ ದಾರಿ.