ಅಡುಗೆಮನೆಯ ಕರೆಂಟ್ ಲೆಕ್ಕ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಸಂಘಕ್ಕೆ ಹೊಸಬರಿಂದ ಬರುವ ಪ್ರಶ್ನೆಗಳಲ್ಲಿ ಕರೆಂಟ್ ಬಿಲ್ಲಿನದು ಇದ್ದೇ ಇರುತ್ತದೆ. ಊರಲ್ಲಿ ಗೃಹಜ್ಯೋತಿಯ ಸೊನ್ನೆ ಬಿಲ್ಲು ನೋಡಿ ರೂಢಿಯಾದವರಿಗಂತೂ ಇಲ್ಲಿಯದು ಎದೆ ಝಲ್ಲೆನಿಸುತ್ತದೆ. ಬೈಸಿಕೊಳ್ಳುವುದು ಮಾತ್ರ ಸದ್ದು ಮಾಡುವ ಮಿಕ್ಸಿ, ಪಾಪ.

ಲೆಕ್ಕ ಬೆಸ್ಕಾಂನದೇ. ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಇಲ್ಲಿಯ ಬಿಲ್ಲಿನಲ್ಲಿ ಅದು ಕೆಡಬ್ಲ್ಯೂಎಚ್ ಎಂದಿರುತ್ತದೆ. ವ್ಯಾಟ್ ಎಷ್ಟೆಂಬುದು ಸಾಮಾನಿನ ತಳದ ಸ್ಟಿಕ್ಕರಿನಲ್ಲಿದೆ. ಇಲ್ಲಿಯ ಕರೆಂಟ್, ಗ್ಯಾಸ್ ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ನಿಗದಿಮಾಡುವ ಗರಿಷ್ಠ ದರ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ, ಹಾಗಾಗಿ ನಿಮ್ಮ ದರವನ್ನು ಬಿಲ್ಲಿನಲ್ಲೇ ನೋಡಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ನಾವಿಲ್ಲಿ ಯೂನಿಟ್ಟಿಗೆ 25 ಪೆನ್ಸ್ ಹಿಡಿದಿದ್ದೇವೆ.

750 ವ್ಯಾಟಿನ ಮಿಕ್ಸಿಯಲ್ಲಿ ಚಟ್ನಿ, ಮಸಾಲೆ ಎಲ್ಲ ಸೇರಿ ದಿನಕ್ಕೆ ಹತ್ತು ನಿಮಿಷ ರುಬ್ಬಿದರೆ ಮೂರು ಪೆನ್ಸ್. 150 ವ್ಯಾಟಿನ ಗ್ರೈಂಡರ್ ಮುಕ್ಕಾಲು ಗಂಟೆ ತಿರುಗಿದರೂ ಅಷ್ಟೇ. ಊರಿಂದ ತಂದವು ಇಲ್ಲಿ ನೇರವಾಗಿ ಓಡುತ್ತವೆ, ಏಕೆಂದರೆ ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಬೇಡ, ಫ್ಯೂಸ್ ಇರುವ ಇಲ್ಲಿಯ ಮೂರು ಪಿನ್ನಿನ ಪ್ಲಗ್ ಹಾಕಿಸಿದರಾಯಿತು. ಎಕಾನಮಿ 7 ಮೀಟರ್ ಇರುವವರಿಗೆ ರಾತ್ರಿಯ ಏಳು ಗಂಟೆ ಅಗ್ಗ, ನಿಜ. ಹಾಗೆಂದು ನಡುರಾತ್ರಿ ಗ್ರೈಂಡರ್ ಹಾಕಿದರೆ ಉಳಿಯುವುದು ಒಂದೆರಡು ಪೆನ್ಸ್, ಹೋಗುವುದು ಪಕ್ಕದ ಮನೆಯವರ ನಿದ್ದೆ.

ದುಡ್ಡು ಹೋಗುವುದು ಕಾಯಿಸುವ ಸಾಮಾನಿನಲ್ಲಿ. 3000 ವ್ಯಾಟಿನ ಕೆಟಲ್ ಒಂದು ಲೀಟರ್ ನೀರು ಕುದಿಸಲು ಸುಮಾರು ಮೂರು ಪೆನ್ಸ್ ತಿನ್ನುತ್ತದೆ. ಒಂದು ಲೋಟ ನೀರಿಗೆಂದು ಪೂರ್ತಿ ತುಂಬಿ ದಿನಕ್ಕೆ ಆರು ಸಲ ಕಾಯಿಸಿದರೆ ತಿಂಗಳಿಗೆ ಏಳೆಂಟು ಪೌಂಡ್. 1500 ವ್ಯಾಟಿನ ಏರ್ ಫ್ರೈಯರ್ ಇಪ್ಪತ್ತು ನಿಮಿಷಕ್ಕೆ ಹೆಚ್ಚೆಂದರೆ ಹನ್ನೆರಡು, ಹದಿಮೂರು ಪೆನ್ಸ್. ಬಿಸಿಯಾದ ಮೇಲೆ ಅದು ತಾನೇ ಆಫ್ ಆನ್ ಆಗುತ್ತಿರುವುದರಿಂದ ನಿಜಕ್ಕೂ ತಗಲುವುದು ಇನ್ನೂ ಕಡಿಮೆ. ಮೈಕ್ರೊವೇವ್‌ ಮುಂಭಾಗದಲ್ಲಿ 800 ವ್ಯಾಟ್ ಎಂದಿದ್ದರೆ ಅದು ಊಟಕ್ಕೆ ತಲುಪುವ ಶಾಖ. ಗೋಡೆಯಿಂದ ಎಳೆಯುವುದು ಅದಕ್ಕಿಂತ ಹೆಚ್ಚು, ಹಿಂಬದಿಯ ಸ್ಟಿಕ್ಕರ್ ನೋಡಿ.

ಯಾರ ಗಮನಕ್ಕೂ ಬಾರದೆ ಹೋಗುವುದು ರೈಸ್ ಕುಕ್ಕರ್. 500 ವ್ಯಾಟಿನಲ್ಲಿ ಅರ್ಧ ಗಂಟೆ ಅನ್ನ ಬೇಯಿಸಲು ಆರು ಪೆನ್ಸ್. ಅದನ್ನು ‘ವಾರ್ಮ್’ನಲ್ಲಿಟ್ಟು ಆಫೀಸಿಗೆ ಹೋದರೆ, 40 ವ್ಯಾಟಿನಂತೆ ಹತ್ತು ಗಂಟೆಗೆ ಹತ್ತು ಪೆನ್ಸ್. ಬೇಯಿಸಿದ್ದಕ್ಕಿಂತ ಬಿಸಿಯಾಗಿ ಕಾದದ್ದೇ ದುಬಾರಿ, ಅನ್ನವೂ ಅಂಟಂಟು.

ಇನ್ನು ಚಳಿಗಾಲದಲ್ಲಿ ಉಬ್ಬದ ದೋಸೆ ಹಿಟ್ಟು. ಪಾತ್ರೆಯನ್ನು ಅವನ್ ಒಳಗಿಟ್ಟು ಬರೀ ಲೈಟ್ ಹಾಕಿ. ನಾಬ್‌ನಲ್ಲಿ ಬಲ್ಬಿನ ಚಿತ್ರದ ಕಡೆ ತಿರುಗಿಸಬೇಕು. 25 ವ್ಯಾಟಿನ ಬಲ್ಬ್ ಹನ್ನೆರಡು ಗಂಟೆ ಉರಿದರೆ ಏಳೆಂಟು ಪೆನ್ಸ್. ನಮ್ಮ ಮಟ್ಟಿಗೆ ಇದು ಕೊಟ್ಟ ಕಾಸಿಗೆ ಮೋಸವಿಲ್ಲದ ಖರ್ಚು. ಬೆಳಿಗ್ಗೆ ಅವನ್ ಹಚ್ಚುವ ಮೊದಲು ಪಾತ್ರೆ ಹೊರಗೆ ತೆಗೆಯುವುದು ಮರೆಯಬೇಡಿ.

ಸ್ಮಾರ್ಟ್ ಮೀಟರ್ ಜೊತೆ ಕೊಡುವ ಪುಟ್ಟ ಡಿಸ್‌ಪ್ಲೇ ಇದ್ದರೆ ಈ ಲೆಕ್ಕವನ್ನು ತಾಳೆ ನೋಡಬಹುದು: ಕೆಟಲ್ ಹಾಕಿ, ಅಂಕಿ ಎಷ್ಟು ಏರಿತೆಂದು ನೋಡಿ. ಬೆಳಿಗ್ಗೆ ಏಳುವಷ್ಟರಲ್ಲೇ ಅದು ಅರ್ಧ ಪೌಂಡಿನ ಮೇಲೆ ತೋರಿಸಿದರೆ ಗಾಬರಿ ಬೇಡ. ಅದರಲ್ಲಿ ಹೆಚ್ಚಿನದು ಆ ದಿನದ ಸ್ಟ್ಯಾಂಡಿಂಗ್ ಚಾರ್ಜ್; ಒಂದು ಸ್ವಿಚ್ಚೂ ಹಾಕದಿದ್ದರೂ ಕಟ್ಟಲೇಬೇಕಾದದ್ದು.